ಕಾಲರಾ ಕ್ರಿಮಿಯ ರೂಪಾಂತರ

ನವಲಗುಂದ, ಅಣ್ಣಿಗೇರಿಗಳ ಎರೆಯ ನಾಡಿನಲ್ಲಿ ಬಾವಿ ತೋಡಿದರೆ ಬಹುಮಟ್ಟಿಗೆ ಸವುಳು ನೀರೇ ದೊರೆಯುವುದು. ಆದುದರಿಂದ ನಾವು ತಲೆತಲಾಂತರದಿಂದ ಕೆರೆಯ ನೀರನ್ನು ಕುಡಿದು ಬಂದವರು. ಊರಿಗೆಲ್ಲ ಒಂದೇ ಕೆರೆಯಾದಲ್ಲಿ, ಒಬ್ಬನ ಹೊಟ್ಟೆಯ ಕ್ರಿಮಿ ಊರನ್ನೆಲ್ಲ ಸೇರಲು ಹೆಚ್ಚು ಹೊತ್ತು ಬೇಡ.

ವಾಂತಿಭೇದಿಯೆಂದು ನಾವು ಕರೆಯುವ ಕಾಲರಾ ಹೆಸರಿನಲ್ಲಿ ಒಂದೇ. ಅದರ ಕ್ರಿಮಿಯಾದರೋ ಹಾಗೆಯೇ ಉಳಿದಿಲ್ಲ. 1961ರಲ್ಲಿ ಇಂಡೋನೇಷ್ಯದಿಂದ ಹೊರಟು 1964ರಲ್ಲಿ ಭಾರತವನ್ನು ಹೊಕ್ಕ ಎಲ್ ಟಾರ್ ಎಂಬ ಬಗೆಯು ಹಳೆಯದನ್ನು ಹಿಂದಕ್ಕೆ ತಳ್ಳಿತು. ಇದು ಹಳೆಯದಕ್ಕಿಂತ ಸೌಮ್ಯವೆಂದು ಶ್ರೋತೃಗಳು ಸಂತೋಷಪಡಬಾರದು. ಸೌಮ್ಯವಾದುದರಿಂದಲೇ ಅದು ಹೆಚ್ಚು ಹಬ್ಬಿತು. ಇದು ಸೇರಿದವರಲ್ಲಿ ಅನೇಕರು ಬೇನೆಯ ಸುಳಿವೇ ಇಲ್ಲದೆ ಸಂತೆಗೂ ಜಾತ್ರೆಗೂ ಹೋಗಿಬರುವರು. ನೀರಿನಲ್ಲಿಯೂ ಇದಕ್ಕೆ ಆಯುಸ್ಸು ಹೆಚ್ಚು. ಈಚಿನ ದಶಕಗಳಲ್ಲಿ ಇದೇ ಎಲ್ ಟಾರ್ ಹಳೆಯ ಬಗೆಯ ವಿಷವನ್ನೂ ತನ್ನದಾಗಿಸಿಕೊಂಡಿದೆ! 1992ರಲ್ಲಿ ಮದರಾಸಿನಲ್ಲಿ ಕಾಣಿಸಿಕೊಂಡ ಓ-139 ಎಂಬ ಬಗೆಯ ಮುಂದೆ, ಹಿಂದೆ ಕಾಲರಾ ಕಂಡಿದ್ದ ಹಿರಿಯರ ಮೈಬಲವೂ ನಿಲ್ಲಲಿಲ್ಲ. ಟೆಟ್ರಾಸೈಕ್ಲಿನ್ ಮೊದಲಾದ ಔಷಧಗಳೂ ಈಗ ಎಲ್ಲ ಕ್ರಿಮಿಗಳಿಗೆ ನಾಟುವುದಿಲ್ಲ.

ಆದರೆ ಬಗೆ ಯಾವುದಾದರೂ ಕೊಲ್ಲುವ ರೀತಿ ಒಂದೇ: ಮೈಯ ನೀರನ್ನು ಬಸಿದುಬಿಡುವುದು. 1971ರಲ್ಲಿ ಬಂಗಾಳದ ಬನಗಾಂವದಲ್ಲಿ ನಿರಾಶ್ರಿತರು ನೆರೆದಿದ್ದಾಗ, ಡಾಕ್ಟರ್ ದಿಲೀಪ ಮಹಲನೋಬಿಸರು ಉಪ್ಪು, ಸೋಡಾ, ಗ್ಲೂಕೋಸುಗಳನ್ನು ನೀರಿನಲ್ಲಿ ಕದಡಿ ಕುಡಿಸಿಯೇ ಅಸಂಖ್ಯ ಜೀವಗಳನ್ನು ಉಳಿಸಿದರು. ಭೇದಿಯಾದವನಿಗೆ ನೀರು ಕೊಡಬಾರದೆಂಬ ಹಳೆಯ ಮಾತು ಯಾವ ಕ್ರಿಮಿಗಿಂತಲೂ ಕ್ರೂರವಾದುದೆಂದು ನಾವು ಬಗೆಯುತ್ತೇವೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ, ಚಹದ ಚಮಚದಿಂದ ಸಮನಾಗಿ ಅಳೆದ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಸಾಕು. ಮೊದಲ ಭೇದಿಗೇ ಆರಂಭಿಸಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ಗುಟುಕು ಗುಟುಕಾಗಿ ಕುಡಿಸತಕ್ಕದ್ದು. ಕುಡಿಯಲಾರದವನನ್ನು ಒಡನೆಯೇ ಆಸ್ಪತ್ರೆಗೆ ಸಾಗಿಸತಕ್ಕದ್ದು.