ವಕಾಲತ್ತಿಗೆ ಹಾಕುವ ಸಹಿ

ಆಸ್ತಿ ಹಕ್ಕಿನ ಬಗ್ಗೆ ಮಾತಾಡಬೇಕೆಂದು ಮಹಿಳಾ ವಿಭಾಗದವರು ಕೇಳಿದ್ದಾರೆ. 2005ರ ತಿದ್ದುಪಡಿಯಿಂದ ಹೆಣ್ಣುಮಕ್ಕಳಿಗೆ ಸಮಪಾಲು ಬಂದದ್ದು ನಿಮಗೆ ಗೊತ್ತೇ ಇದೆ. ಬಂದ ಪಾಲು ಸದ್ದಿಲ್ಲದೆ ಕೈತಪ್ಪುವ ಒಂದು ದಾರಿಯ ಬಗ್ಗೆ ಮಾತ್ರ ಇವತ್ತು ಹೇಳುತ್ತೇನೆ.

ಊರಿನ ಕೋರ್ಟಿನಲ್ಲಿ ಪಾಲಿನ ದಾವೆ, ನಾವು ಇಲ್ಲಿ ಮುಂಬಯಿಯಲ್ಲಿ. ಅಣ್ಣ ಕೊರಿಯರ್‌ನಲ್ಲಿ ವಕಾಲತ್ತು ಕಳಿಸಿ, "ಸಹಿ ಹಾಕಿ ಕಳಿಸು, ನೀನು ಓಡಾಡುವುದು ಬೇಡ" ಅನ್ನುತ್ತಾನೆ. ಪ್ರೀತಿಯಿಂದಲೇ ಅಂದಿರಬಹುದು. ನಾವೂ ಓದದೆ ಹಾಕುತ್ತೇವೆ. ಆ ಅಚ್ಚಿನ ಕಾಗದದಲ್ಲಿ, ಹಣ ಪಡೆಯಲು, ದಾಖಲೆ ಹಿಂಪಡೆಯಲು ಎಂಬ ಮಾತುಗಳ ನಡುವೆ "ರಾಜಿ ಮಾಡಿಕೊಳ್ಳಲು" ಎಂಬ ಪದವೂ ಸಾಮಾನ್ಯವಾಗಿ ಇರುತ್ತದೆ. ಮುಂದೊಂದು ದಿನ ರಾಜಿಯಾಗಿ ಡಿಕ್ರಿ ಬರುತ್ತದೆ. ಜಮೀನು ಅಣ್ಣತಮ್ಮಂದಿರಿಗೆ, ನಮಗೆ ಅರಿಶಿನ ಕುಂಕುಮಕ್ಕೆಂದು ಒಂದಿಷ್ಟು ದುಡ್ಡು.

"ನಾನು ಸಹಿಯೇ ಹಾಕಿಲ್ಲವಲ್ಲ, ಅದು ಹೇಗೆ ನಡೆಯುತ್ತದೆ?" ಎಂದು ಕೇಳಬಹುದು. ರಾಜಿ ಬರಹದಲ್ಲಿರಬೇಕು, ಅದಕ್ಕೆ ಪಕ್ಷಗಾರರ ಸಹಿ ಇರಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಗೆ 1976ರಲ್ಲಿ ಸೇರಿಸಿದ್ದು ನಿಜ. ಆದರೆ ನಮ್ಮ ಮುಂಬಯಿ ಹೈಕೋರ್ಟಿನಿಂದ ಮೇಲೆ ಹೋದ ಗರಿವಾಲಾ ಮತ್ತು ಯೂನಿಯನ್ ಬ್ಯಾಂಕ್ ಪ್ರಕರಣದಲ್ಲಿ, ಅಧಿಕಾರ ಪಡೆದ ವಕೀಲರು ಕಕ್ಷಿದಾರರ ಪರವಾಗಿ ಹಾಕಿದ ಸಹಿಯೂ ನಡೆಯುತ್ತದೆ ಎಂದು 1991ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವಕೀಲೆಯಾಗಿ ನನಗೆ ಈ ತೀರ್ಪಿನ ಬಗ್ಗೆ ತಕರಾರಿಲ್ಲ. ಎಂಬತ್ತು ವರ್ಷದ ಅಜ್ಜಿಯನ್ನು ಒಂದು ಸಹಿಗಾಗಿ ಊರಿಗೆ ಎಳೆದೊಯ್ಯಬೇಕೇ? ಆದರೆ ಸಹಿ ಹಾಕುವುದು ಬೇರೆ, ನಿರ್ಧಾರ ಮಾಡುವುದು ಬೇರೆ. ನಿರ್ಧಾರ ಕಕ್ಷಿದಾರರದ್ದು, ಅವರ ಹಕ್ಕನ್ನು ಬಿಟ್ಟುಕೊಡುವ ಮಾತನ್ನು ಸ್ಪಷ್ಟ ಸೂಚನೆಯಿಲ್ಲದೆ ವಕೀಲರು ಆಡಬಾರದು ಎಂದು 2015ರಲ್ಲಿ ಅದೇ ನ್ಯಾಯಾಲಯ ಬಿಡಿಸಿ ಹೇಳಿದೆ.

ಹಾಗೆಂದು ಆಮೇಲೆ ನೋಡಿಕೊಳ್ಳೋಣ ಎಂದು ಕೂತರೆ ಕಷ್ಟ. ರಾಜಿ ಡಿಕ್ರಿಯ ಮೇಲೆ ಸಾಮಾನ್ಯವಾಗಿ ಅಪೀಲು ಇಲ್ಲ. ಆ ರಾಜಿ ಕಾನೂನುಬದ್ಧವಲ್ಲ ಎಂದು ಬೇರೆ ದಾವೆ ಹೂಡಲೂ ಬರುವುದಿಲ್ಲ. ಡಿಕ್ರಿ ಕೊಟ್ಟ ಕೋರ್ಟಿಗೇ ಹೋಗಿ, ಈ ರಾಜಿಗೆ ನನ್ನ ಒಪ್ಪಿಗೆ ಇರಲಿಲ್ಲ ಎಂದು ಸಾಬೀತುಪಡಿಸಬೇಕು. ಆಗ ಎದುರಿಗೆ ನಿಲ್ಲುವುದು ನೀವೇ ಸಹಿ ಹಾಕಿದ ಆ ವಕಾಲತ್ತು.

ಅದಕ್ಕೇ, ಸಹಿ ಹಾಕುವ ಮೊದಲೇ ರಾಜಿಯ ಆ ಪದವನ್ನು ಹೊಡೆದುಹಾಕಿ, ಪಕ್ಕದಲ್ಲಿ "ನನ್ನ ಲಿಖಿತ ಒಪ್ಪಿಗೆ ಇಲ್ಲದೆ ರಾಜಿ ಕೂಡದು" ಎಂದು ಬರೆಯಿರಿ. ವಕೀಲರಿಗೂ ಅದನ್ನೇ ಇಮೇಲ್ ಮಾಡಿ. ಒಳ್ಳೆಯ ವಕೀಲರು ಇದಕ್ಕೆ ಬೇಸರಪಡುವುದಿಲ್ಲ; ಅವರಿಗೂ ಇದು ರಕ್ಷಣೆಯೇ. ಅಣ್ಣನ ಪಾಲಿಗೂ ನಿಮ್ಮ ಪಾಲಿಗೂ ತಿಕ್ಕಾಟವಿದ್ದರೆ ಇಬ್ಬರಿಗೂ ಒಬ್ಬರೇ ವಕೀಲರು ಬೇಡ. ಇದನ್ನು ಅಣ್ಣನಿಗೆ ಹೇಳುವುದೇ ಎಲ್ಲಕ್ಕಿಂತ ಕಷ್ಟದ ಕೆಲಸ, ಬಲ್ಲೆ.

ಇನ್ನೊಂದು. ಪ್ರತಿ ಮೊಕದ್ದಮೆಗೂ ಹದಿನಾರು ಅಕ್ಷರ–ಅಂಕಿಗಳ ಸಿಎನ್‌ಆರ್ ಸಂಖ್ಯೆ ಇರುತ್ತದೆ. ಅದನ್ನು ಕೇಳಿ ಪಡೆದುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಯಾವತ್ತು, ಹಿಂದಿನ ತಾರೀಖಿಗೆ ಏನಾಯಿತು ಎಂದು ಇಲ್ಲಿಂದಲೇ ನೋಡಬಹುದು. ಆ್ಯಪ್ ಹಾಕಿಕೊಳ್ಳಲು ಬಾರದವರು ಊಟದ ಹೊತ್ತಿಗೆ ನನ್ನ ಹತ್ತಿರ ಬನ್ನಿ, ಫೋನ್ ತನ್ನಿ.