400 ಮೀಟರ್ ವಾಕಿಂಗ್‌ಗೂ ದುಡ್ಡು ಕೊಡಬೇಕಾ?

ಇವತ್ತಿನ ಎಪಿಸೋಡ್ ನಾಯಿ ಸಾಕಿರೋರಿಗೆ. ಬೆಳಗ್ಗೆ ನಾಯಿ ಹಿಂದೆ ಓಡೋರನ್ನ ಬಾಲ್ಕನಿಯಲ್ಲಿ ಕಾಫಿ ಕುಡೀತಾ ನೋಡಿ ನಗೋರೂ ಕೇಳಬಹುದು.

ಪಾಡ್‌ಕಾಸ್ಟ್ ದುಡ್ಡಲ್ಲಿ ಬೆಂಗಳೂರಿನ ಬಾಡಿಗೆ ಕಟ್ಟೋಕಾಗಲ್ಲ. ಅದಕ್ಕೇ 2 ವರ್ಷದಿಂದ ನಮ್ಮ ಏರಿಯಾದ ಮೂರು ಮನೆಯ ನಾಯಿಗಳನ್ನ ವಾಕಿಂಗ್ ಕರ್ಕೊಂಡು ಹೋಗ್ತೀನಿ. ಒಂದೊಂದಕ್ಕೆ ಅರ್ಧ ಗಂಟೆ. ಬಿ.ಕಾಂ. ಓದಿದವನಿಗೆ ಲೆಕ್ಕ ಬರೆಯೋ ಚಟ, ಹಾಗಾಗಿ ಯಾವ ನಾಯಿ ಎಲ್ಲಿ ನಿಲ್ತು, ಎಷ್ಟು ದೂರ ಹೋಯ್ತು ಅಂತ ಫೋನಲ್ಲಿ ಬರೆದಿಡ್ತೀನಿ. ಮೂರರ ಲೆಕ್ಕವೂ ಒಂದಕ್ಕೊಂದು ತಾಳೆ ಆಗಲ್ಲ.

ಚಿಂಟು ಪಗ್. ಇನ್ನೂರು ಹೆಜ್ಜೆ ನಡೆದು ರಸ್ತೆ ಮಧ್ಯೆ ಕೂತ್ಕೊಂಡು ಸತ್ಯಾಗ್ರಹ. ಜನ ಹಠ ಅಂತಾರೆ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರಲ್ಲ, ನಾಲಿಗೆ ಹೊರಗೆ ಹಾಕಿ ಏದುಸಿರು ಬಿಟ್ಟೇ ಮೈ ತಂಪು ಮಾಡ್ಕೋಬೇಕು. ಚಪ್ಪಟೆ ಮೂತಿಯ ಪಗ್‌ಗೆ ಆ ಉಸಿರೇ ಕಷ್ಟ. ಬೇಸಿಗೆಯಲ್ಲಿ ಚಿಂಟುದು ಆರು ಗಂಟೆಗೇ ಮುಗಿಸ್ತೀನಿ. ಬಿಸಿಲು ಏರಿದ ಮೇಲೆ ಹೋಗಲೇಬೇಕಾದ್ರೆ ಮೊದಲು ನಿಮ್ಮ ಕೈ ಹಿಂಭಾಗವನ್ನ ಡಾಂಬರಿನ ಮೇಲೆ ಇಟ್ಟು ನೋಡಿ. ನಿಮಗೆ ತಡೆಯೋಕಾಗಲ್ಲ ಅಂದ್ರೆ ಅದರ ಪಾದಕ್ಕೂ ಆಗಲ್ಲ.

ಕರಿಯ ಬೀದಿಯಿಂದ ತಂದು ಸಾಕಿದ ನಾಯಿ. ಅರ್ಧ ಗಂಟೆಗೆ 400 ಮೀಟರ್, ಅಷ್ಟೇ. ಪ್ರತಿ ಲೈಟ್ ಕಂಬ, ಪ್ರತಿ ಬೈಕ್ ಟೈರ್, ಎಳನೀರು ಗಾಡಿಯ ನಾಲ್ಕೂ ಚಕ್ರ ಮೂಸಬೇಕು. ಅವರ ಮನೆ ಸರ್ ಒಂದು ದಿನ ಆ್ಯಪ್ ನೋಡಿ, "ಏನಪ್ಪಾ, ಅರ್ಧ ಕಿಲೋಮೀಟರೂ ಇಲ್ಲ. ನಾನು ದುಡ್ಡು ಕೊಡೋದು ನಡೆಸೋಕೆ, ನಿಲ್ಸೋಕಲ್ಲ" ಅಂದ್ರು. ತಿಂಗಳ ಸಂಬಳದ ಪ್ರಶ್ನೆ ನೋಡಿ, ಕೂತು ಓದಿದೆ.

ನಮ್ಮ ಮೂಗಲ್ಲಿ ವಾಸನೆ ಹಿಡಿಯೋ ಗ್ರಾಹಕಗಳು ಸುಮಾರು 50-60 ಲಕ್ಷ ಅಂತಾರೆ, ನಾಯಿಗೆ 30 ಕೋಟಿವರೆಗೂ. ಕಂಬದ ಮೇಲಿನ ಮೂತ್ರದಿಂದ ಬಂದು ಹೋದದ್ದು ಗಂಡಾ ಹೆಣ್ಣಾ, ಹೆಣ್ಣು ಬೆದೆಗೆ ಬಂದಿದೆಯಾ ಅನ್ನೋದೂ ಗೊತ್ತಾಗುತ್ತೆ. ನಾವು ಎದ್ದ ತಕ್ಷಣ ವಾಟ್ಸಾಪ್ ಸ್ಟೇಟಸ್ ನೋಡಲ್ವಾ, ಹಾಗೆ. 2019ರಲ್ಲಿ ಡುರಾಂಟನ್ ಮತ್ತು ಹೊರೊವಿಟ್ಜ್ ಅನ್ನೋ ಇಬ್ಬರು ಸಂಶೋಧಕಿಯರ ಅಧ್ಯಯನ ಬಂತು. ಕೆಲವು ನಾಯಿಗಳಿಗೆ ಎರಡು ವಾರ ಮೂಗಿಂದ ಹುಡುಕೋ ಆಟ, ಉಳಿದವಕ್ಕೆ ಪಕ್ಕದಲ್ಲೇ ನಡೆಯೋ ಅಭ್ಯಾಸ. ಆಮೇಲೆ ತಿಂಡಿ ಇದೆಯೋ ಇಲ್ವೋ ಗೊತ್ತಿಲ್ಲದ ಬಟ್ಟಲನ್ನ ಮುಂದಿಟ್ರೆ, ಮೂಸಿ ಹುಡುಕಿದ ನಾಯಿಗಳೇ ಮೊದಲಿಗಿಂತ ಬೇಗ ಹೋದವು. 'ಇದ್ದೇ ಇರುತ್ತೆ' ಅನ್ನೋ ಭರವಸೆ!

ಇಷ್ಟನ್ನೂ ಸರ್‌ಗೆ ಹೇಳಿದೆ. ಅರ್ಧ ಮನಸ್ಸಿಂದ ಒಂದು ತಿಂಗಳು ನೋಡೋಣ ಅಂದ್ರು. ಮೊದಲ 20 ನಿಮಿಷ ಕರಿಯನ ಇಷ್ಟ, ಕೊನೆ 10 ನಿಮಿಷ ಸರ್ ಇಷ್ಟದ ಹಾಗೆ ಬಿರುಸು ನಡಿಗೆ. ತಿಂಗಳಾದ ಮೇಲೆ ಅವರಾಗೇ ಆ ಆ್ಯಪ್ ನೋಡೋದು ಬಿಟ್ರು.

ಇನ್ನು ಬ್ರೂನೋ. 9 ವರ್ಷದ ಲ್ಯಾಬ್ರಡಾರ್. ಗೇಟ್ ದಾಟಿದ್ರೆ ನೇರ ಬೇಕರಿ ತಿರುವಿಗೇ ಎಳೀತಿದ್ದ, ನನ್ನ ಭುಜ ಕಿತ್ತು ಬರೋ ಹಾಗೆ. ಈ ಸಲ ದಸರಾ ಆದ್ಮೇಲೆ ಎಳೆಯೋದು ನಿಂತುಹೋಯ್ತು. ಫುಟ್‌ಪಾತ್ ಹತ್ತೋ ಜಾಗದಲ್ಲಿ ನಿಂತು ನನ್ನ ಮುಖ ನೋಡ್ತಿದ್ದ. ಕಾಲೆತ್ತದೆ ನಿಂತಲ್ಲೇ ಮೂತ್ರ ಮಾಡ್ತಿದ್ದ. ಅವರ ಮನೆ ಆಂಟಿ, "ವಯಸ್ಸಾಯ್ತಲ್ಲಪ್ಪ, ಸೋಮಾರಿ ಆಗಿದಾನೆ" ಅಂದ್ರು. ನಾನು ಫೋನ್ ತೆಗೆದು ಮೂರು ವಾರದ ಲೆಕ್ಕ ತೋರಿಸ್ದೆ: ಬೇಕರಿವರೆಗೆ ಒಂದೇ ಸಲ, ಕಾಲೆತ್ತಿದ್ದು ಸೊನ್ನೆ. ಆಂಟಿ ಸುಮ್ಮನಾದ್ರು. ಅವತ್ತೇ ಸಂಜೆ ಡಾಕ್ಟರ್ ಹತ್ರ ಹೋಗಿ ಎಕ್ಸ್‌ರೇ ತೆಗೆಸಿದ್ರೆ ಸೊಂಟದ ಕೀಲು ಸವೆದಿದೆ. ಅಷ್ಟು ದಿನ ನೋವು ತಿಂದಿದಾನೆ, ಒಂದ್ಸಲ ಕುಂಯ್ ಅಂದಿರಲಿಲ್ಲ.

ಈಗ ಮಾತ್ರೆ ನಡೀತಿದೆ, ತೂಕ ಇಳಿಸ್ತಿದಾರೆ. ಅರ್ಧ ಗಂಟೆ ಬದಲು ಬೆಳಗ್ಗೆ ಸಂಜೆ ಹದಿನೈದು ಹದಿನೈದು ನಿಮಿಷ, ಮಣ್ಣಿನ ದಾರಿಯಲ್ಲಿ. ಮೊನ್ನೆ ಭಾನುವಾರ ಬೇಕರಿ ಕಡೆ ಸ್ವಲ್ಪ ಎಳೆದ. ಬರೆದಿಟ್ಟಿದ್ದೀನಿ.

ನಿಮ್ಮನೆ ನಾಯಿ ಎಲ್ಲಿ ನಿಲ್ಲುತ್ತೆ, ಇತ್ತೀಚೆಗೆ ಏನು ಬದಲಾಯ್ತು, ಒಂದು ವಾಯ್ಸ್ ನೋಟ್ ಕಳ್ಸಿ. ಮುಂದಿನ ವಾರ ಅಪಾರ್ಟ್‌ಮೆಂಟ್ ಲಿಫ್ಟ್‌ ಜಗಳದ ಬಗ್ಗೆ ಮಾತಾಡೋಣ.