ಶರಣಾರ್ಥಿ ಎಂಬ ಶಬ್ದದ ಅರ್ಥ
(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)

ಪರಮಪೂಜ್ಯ ಸ್ವಾಮಿಗಳವರ ಸನ್ನಿಧಿಗೆ ವಂದಿಸಿ, ಇಲ್ಲಿ ನೆರೆದಿರುವ ಸದ್ಭಕ್ತರಿಗೂ ಶಿಷ್ಯವರ್ಗಕ್ಕೂ ಶರಣು ಶರಣಾರ್ಥಿಗಳನ್ನು ಅರ್ಪಿಸುತ್ತೇನೆ.

ಈಗ ನಾನು ನುಡಿದ ಈ ಶಬ್ದವನ್ನೇ ಇಂದಿನ ವಿಷಯವಾಗಿ ಎತ್ತಿಕೊಳ್ಳುವೆನು. ಶರಣವೆಂದರೆ ಆಶ್ರಯ, ಅರ್ಥಿಯೆಂದರೆ ಬೇಡುವವನು. ಆಶ್ರಯವನ್ನು ಬೇಡುವವನೇ ಶರಣಾರ್ಥಿ. ನಾವು ದಿನವೂ ಒಬ್ಬರಿಗೊಬ್ಬರು ಕೈಮುಗಿದು ಈ ಮಾತನ್ನು ಹೇಳಿಕೊಳ್ಳುತ್ತಿರುವೆವು. ಆದರೆ ನಾಡನ್ನು ಕಳೆದುಕೊಂಡು ಬಂದವನೊಬ್ಬನು ಇದೇ ಮಾತನ್ನು ತನ್ನ ಪ್ರಾಣಸಂಕಟದಿಂದ ನುಡಿದು ಬಾಗಿಲಲ್ಲಿ ನಿಂತಾಗ ನಮ್ಮ ಮುಖವು ಹೇಗಾಗುವದು?

ನನ್ನ ಮುಖವು ಹೇಗಾಯಿತೆಂಬುದನ್ನು ಮೊದಲು ಹೇಳಬೇಕು. ನಾನು ಪಾಠಶಾಲೆಯ ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ, ಚಳಿಯ ದಿನಗಳಲ್ಲಿ ಉಣ್ಣೆಯ ಅಂಗಿಗಳನ್ನು ಮಾರಲು ಬಂದಿದ್ದ ಟಿಬೇಟದ ವೃದ್ಧನೊಬ್ಬನು ದಾಸೋಹದ ಪಂಕ್ತಿಯಲ್ಲಿ ಕುಳಿತನು. ನಾನು ಅವನ ಪಕ್ಕದಿಂದ ಎದ್ದು ಬೇರೆಡೆಗೆ ಹೋದೆನು. ಬಡಿಸುತ್ತಿದ್ದ ಹಿರಿಯರು ನನ್ನನ್ನು ಗದರಿಸಲಿಲ್ಲ. ನಾನು ಬಿಟ್ಟೆದ್ದ ಸ್ಥಳದಲ್ಲಿ ತಾವೇ ಕುಳಿತು ಉಂಡರು. ಆ ನಾಚಿಕೆಯು ಇನ್ನೂ ನನ್ನನ್ನು ಬಿಟ್ಟಿಲ್ಲ.

ಆ ವೃದ್ಧನ ಜನರು ಇಲ್ಲಿಗೆ ಬಂದ ಬಗೆಯನ್ನು ನಾನು ತಿಳಿದುಕೊಂಡದ್ದು ಅನಂತರ. 1959ರಲ್ಲಿ ದಲಾಯಿ ಲಾಮಾ ಅವರು ಟಿಬೇಟವನ್ನು ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನರು ಹಿಮಪರ್ವತಗಳನ್ನು ದಾಟಿದರು. ಅಂದಿನ ಮೈಸೂರು ಸರಕಾರವು 1960ರಲ್ಲಿ ಬೈಲಕುಪ್ಪೆಯ ಬಳಿ ಸುಮಾರು 3000 ಎಕರೆ ಭೂಮಿಯನ್ನು ಅವರ ವಸತಿಗಾಗಿ ಬಿಟ್ಟುಕೊಟ್ಟಿತು. 1966ರಲ್ಲಿ ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡದಲ್ಲಿ ಇನ್ನೊಂದು ವಸತಿಯಾಯಿತು. ಮಂಜಿನ ನಾಡಿನವರು ನಮ್ಮ ಬಿಸಿಲಿನಲ್ಲಿ ಕಾಡನ್ನು ಕಡಿದು ಗೋವಿನಜೋಳವನ್ನು ಬೆಳೆದರು. ತಮ್ಮ ಪುರಾತನ ವಿದ್ಯಾಪೀಠಗಳಲ್ಲಿ ಸೆರಾ ಎಂಬುದನ್ನು ಬೈಲಕುಪ್ಪೆಯಲ್ಲಿಯೂ, ಗಾಂಡೆನ್ ಮತ್ತು ಡ್ರೆಪುಂಗ್ ಎಂಬವನ್ನು ಮುಂಡಗೋಡದಲ್ಲಿಯೂ ಮರಳಿ ಕಟ್ಟಿದರು.

“ನಮ್ಮ ಮಕ್ಕಳಿಗೇ ಭೂಮಿಯಿಲ್ಲದಿರುವಾಗ ಪರದೇಶದವರಿಗೇಕೆ?” ಎಂದು ಕೇಳುವವರುಂಟು. ಭೂಮಿಯಿಲ್ಲದವನ ಬಾಯಿಂದ ಬಂದ ಈ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಅವನ ದುಃಖವೂ ದುಃಖವೇ. ಆದರೆ ಅವನ ಹೊಲವನ್ನು ಕಸಿದುಕೊಂಡವನು ನಿರಾಶ್ರಿತನಲ್ಲ. ಊರಿನ ಬಡವನಿಗೂ ಬಂದ ಬಡವನಿಗೂ ಜಗಳ ಹಚ್ಚಿ, ತಾನು ಕೈತೊಳೆದುಕೊಳ್ಳುವದು ಅರಸುತನದ ಧರ್ಮವಲ್ಲ. ಇಬ್ಬರನ್ನೂ ಪೊರೆಯುವ ಹೊಣೆಯು ರಾಜ್ಯದ ಮೇಲಿರುವದು.

ಇನ್ನೊಂದು ವಿಚಾರವುಂಟು. ನಿರಾಶ್ರಿತರ ವಿಷಯವಾಗಿ ಜಗತ್ತಿನ ರಾಷ್ಟ್ರಗಳು 1951ರಲ್ಲಿ ಮಾಡಿಕೊಂಡ ಒಡಂಬಡಿಕೆಗೆ ಭಾರತವು ಸಹಿ ಹಾಕಿಲ್ಲ. ಅವರಿಗಾಗಿಯೇ ಪ್ರತ್ಯೇಕವಾದ ಕಾಯಿದೆಯೂ ನಮ್ಮಲ್ಲಿಲ್ಲ. ಆದುದರಿಂದ ಒಬ್ಬರಿಗೆ ಭೂಮಿ ದೊರೆತರೆ, ಮತ್ತೊಬ್ಬರಿಗೆ ಸಂಶಯವೇ ದೊರೆಯುವ ಸಂಭವವಿದೆ. ಪೂರ್ವ ಪಾಕಿಸ್ತಾನದಿಂದ ಬಂದು ಅರುಣಾಚಲದಲ್ಲಿ ನೆಲೆಸಿದ್ದ ಚಕ್ಮಾ ಜನರನ್ನು ಬಲಾತ್ಕಾರದಿಂದ ಹೊರಡಿಸುವ ಬೆದರಿಕೆ ಉಂಟಾದಾಗ, ಪ್ರಜೆಯಾಗಿರಲಿ ಆಗದಿರಲಿ, ಪ್ರತಿಯೊಬ್ಬ ಮನುಷ್ಯನ ಪ್ರಾಣವನ್ನು ಕಾಯುವದು ರಾಜ್ಯದ ಕರ್ತವ್ಯವೆಂದು ಸರ್ವೋಚ್ಚ ನ್ಯಾಯಾಲಯವು 1996ರಲ್ಲಿ ತೀರ್ಪಿತ್ತಿತು.

ಮಠದ ದಾಸೋಹವನ್ನು ನೋಡಿರಿ. ಅಡಿಗೆಯವನ ಮನಸ್ಸು ಒಂದು ದಿನ ಪ್ರಸನ್ನವಾಗಿರಬಹುದು, ಒಂದು ದಿನ ಇಲ್ಲದಿರಬಹುದು. ಆದರೂ ಹೊತ್ತಿಗೆ ಸರಿಯಾಗಿ ಎಲೆ ಹಾಕಲೇಬೇಕು. ಏಕೆಂದರೆ ದಾಸೋಹವು ಅವನ ಮನಸ್ಸಿನ ಮೇಲೆ ನಿಂತಿಲ್ಲ, ನಿಯಮದ ಮೇಲೆ ನಿಂತಿದೆ. ಆಶ್ರಯವೂ ಹಾಗೆಯೇ ಆಗಬೇಕು. ಬಂದವನು ಯಾರು, ಏಕೆ ಬಂದನು ಎಂದು ರಾಜ್ಯವು ವಿಚಾರಿಸುವದು ತಪ್ಪಲ್ಲ. ವಿಚಾರಿಸುವ ಮೊದಲೇ ಅವನನ್ನು ಮೃತ್ಯುವಿನ ಬಾಯಿಗೆ ಮರಳಿ ನೂಕುವದು ತಪ್ಪು; ಅವನ ಮುಖವನ್ನೂ ಮತವನ್ನೂ ನೋಡಿ ಬಾಗಿಲು ತೆರೆಯುವದು ಇನ್ನೂ ದೊಡ್ಡ ತಪ್ಪು.

ಕಡೆಗೆ ಒಂದು ಮಾತು. ಕಲ್ಯಾಣದಲ್ಲಿ ವಿಪ್ಲವವಾದಾಗ ಚೆನ್ನಬಸವಣ್ಣನವರೂ ಅವರೊಡನಿದ್ದ ಶರಣರೂ ವಚನದ ಕಟ್ಟುಗಳನ್ನು ಹೊತ್ತು ಉಳವಿಯ ಕಾಡಿಗೆ ಬಂದರೆಂಬುದು ನಮ್ಮ ಪರಂಪರೆಯ ನಂಬಿಕೆ. ಆ ಉಳವಿಯೂ ಉತ್ತರ ಕನ್ನಡ ಜಿಲ್ಲೆಯಲ್ಲಿಯೇ ಇದೆ; ಟಿಬೇಟದವರು ತಮ್ಮ ಗ್ರಂಥಗಳೊಡನೆ ನೆಲೆಸಿದ ಮುಂಡಗೋಡವೂ ಅದೇ ಜಿಲ್ಲೆಯಲ್ಲಿದೆ. ಆ ಕಾಡು ಅಂದು ನಮ್ಮವರಿಗೆ ಎಡೆಗೊಡದಿದ್ದರೆ ಇಂದಿನ ಈ ಮಹೋತ್ಸವವೆಲ್ಲಿ, ಈ ಸಭೆಯೆಲ್ಲಿ? ನಾವೂ ಒಮ್ಮೆ ಓಡಿಬಂದವರ ಸಂತತಿ ಎಂಬುದನ್ನು ಮರೆಯದೆ, ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕುಳಿತವನ ಬಳಿಯಿಂದ ಏಳದಿರೋಣ.

ಶರಣು ಶರಣಾರ್ಥಿ.